ಕೆಪೆ ಸೈಟ್ ಒಂಟಿಯಾದ ಮಧ್ಯಾಹ್ನ

ಒಂಬತ್ತು ವರ್ಷಗಳ ಹಿಂದೆ, ಚವತಿ ಮುಗಿದು ಮಳೆ ಕಡಿಮೆಯಾಗುತ್ತಿದ್ದ ದಿನಗಳಲ್ಲಿ, ನಾನು ಗೋವೆಯ ಒಂದು ಖಾಸಗಿ ರೇಡಿಯೊ ಜಾಲದಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ಕಾರ್ಖಾನೆಗಳಿಗೂ ನೀರಿನ ಪೈಪ್ ಗುತ್ತಿಗೆದಾರರಿಗೂ ವಾಕಿಟಾಕಿ ಸೇವೆ ಕೊಡುವುದು ನಮ್ಮ ಕೆಲಸ. ಝುವಾರಿನಗರ, ಮಡ್ಕಯಿ, ಕೆಪೆ ಈ ಮೂರು ಕಡೆ ನಮ್ಮ ಟವರುಗಳಿದ್ದವು. ನಾವು ಅವುಗಳನ್ನು ಸೈಟ್ ಎನ್ನುತ್ತಿದ್ದೆವು. ಈಗ ನಿವೃತ್ತನಾಗಿ ಧಾರವಾಡಕ್ಕೆ ಮರಳಿದ್ದೇನೆ. ಆದರೂ ಸಂಜೆ ಗಾಳಿ ಜೋರಾದಾಗ ಕೆಪೆಯ ಗುಡ್ಡದ ಮೇಲೆ ನಿಂತಂತೆಯೇ ಅನಿಸುತ್ತದೆ.

ಕೆಲವೇ ಚಾನೆಲ್‌ಗಳನ್ನು ನೂರಾರು ಜನ ಹಂಚಿಕೊಳ್ಳುವ ವ್ಯವಸ್ಥೆಗೆ ಟ್ರಂಕಿಂಗ್ ಎನ್ನುತ್ತಾರೆ. ಪ್ರತಿ ವಾಕಿಟಾಕಿ ತನಗೆ ಚೆನ್ನಾಗಿ ಸಿಗ್ನಲ್ ಸಿಗುವ ಸೈಟಿನಲ್ಲಿ ಹಾಜರಿ ಹಾಕುತ್ತದೆ. ಯಾರಾದರೂ ಬಟನ್ ಒತ್ತಿದರೆ, ಅವರ ಗುಂಪಿನವರು ಯಾವ ಯಾವ ಸೈಟುಗಳಲ್ಲಿದ್ದಾರೆ ಎಂದು ಝುವಾರಿನಗರದ ಮುಖ್ಯ ಕಂಟ್ರೋಲರ್ ನೋಡಿ, ಅಲ್ಲೆಲ್ಲ ಒಂದೊಂದು ಚಾನೆಲ್ ತೆರೆಯುತ್ತದೆ. ಮಾತನಾಡುವವರಿಗೆ ನಡುವಿನ ಗುಡ್ಡಗಳ ಅರಿವೇ ಇರುವುದಿಲ್ಲ. ಸೈಟಿಗೂ ಕಂಟ್ರೋಲರಿಗೂ ನಡುವಿನ ಲಿಂಕ್ ಕಡಿದರೆ ಮಾತ್ರ ಆ ಸೈಟ್ ಒಂಟಿಯಾಗುತ್ತದೆ. ಅದರ ವ್ಯಾಪ್ತಿಯೊಳಗಿನವರು ತಮ್ಮತಮ್ಮಲ್ಲಿ ಮಾತನಾಡಬಹುದು, ಹೊರಗಿನವರಿಗೆ ಏನೂ ಕೇಳಿಸದು.

ಆ ದಿನ ಮಧ್ಯಾಹ್ನ ಆದದ್ದು ಅದೇ. ರಸ್ತೆ ಅಗೆಯುವ ಜೆಸಿಬಿಯೊಂದು ಫೈಬರ್ ಕೇಬಲ್ ಕಡಿದು, ಕೆಪೆ ಸೈಟಿನ ಲಿಂಕೂ ಸುತ್ತಲಿನ ಮೊಬೈಲ್ ಟವರುಗಳೂ ಒಟ್ಟಿಗೆ ಸತ್ತವು. ನಾನು ಜೀಪಿನಲ್ಲಿ ಗುಡ್ಡ ಹತ್ತಿ ಬಂದು ಪರೀಕ್ಷಿಸುತ್ತಿದ್ದೆ. ಆಗ ಸೊಂಟದ ವಾಕಿಟಾಕಿಯಲ್ಲಿ ಒಬ್ಬ ಹೆಂಗಸಿನ ದನಿ ಕೇಳಿಸಿತು.

“ಪಂಪ್‌ಹೌಸ್, ಪಂಪ್‌ಹೌಸ್, ನೀರು ಬಿಡಬ್ಯಾಡ್ರಿ. ಪೈಪಿನಾಗ ಮಂದಿ ಅದಾರ್ರಿ!”

ಉತ್ತರವಿಲ್ಲ. ಮತ್ತೆ ಅದೇ ಮಾತು, ಇನ್ನಷ್ಟು ಜೋರಾಗಿ. ನಾನು ಬಟನ್ ಒತ್ತಿ ಯಾರೆಂದು ಕೇಳಿದೆ.

“ನಾ ಯಲ್ಲವ್ವರಿ, ಪೈಪ್‌ಲೈನ್ ಗ್ಯಾಂಗಿನಾಕಿ. ನಮ್ಮ ಮನ್ಯಾವ್ರು, ಮತ್ತೊಬ್ರು ಒಳಗ ವೆಲ್ಡಿಂಗ್ ಮಾಡಾಕ ಹೋಗ್ಯಾರ. ಒಬ್ರ ಕಾಲು ಸಿಕ್ಕೊಂಡೈತಿ, ಹೊರಗ ಬರಾಕ ಆಗವಲ್ದು. ನಾಲ್ಕಕ್ಕ ನೀರು ಬಿಡ್ತಾರ್ರಿ!”

ಗಡಿಯಾರ ಮೂರು ನಲವತ್ತೆರಡು ತೋರಿಸುತ್ತಿತ್ತು. ಪಂಪ್‌ಹೌಸ್ ಅವಳಿಂದ ಬರೀ ಮೂರು ಕಿಲೋಮೀಟರ್ ದೂರ. ಆದರೆ ನಡುವೆ ಗುಡ್ಡದ ಸಾಲು ಅಡ್ಡವಿತ್ತು. ಆಚೆ ಬದಿಗೆ ಕೆಪೆಯ ಸಿಗ್ನಲ್ ತಲುಪದ ಕಾರಣ ಪಂಪ್‌ಹೌಸಿನ ರೇಡಿಯೊ ಮಡ್ಕಯಿ ಸೈಟಿನಲ್ಲಿತ್ತು. ಯಲ್ಲವ್ವ ಎಷ್ಟು ಕೂಗಿದರೂ ಅದು ಕೆಪೆಯೊಳಗೇ ಸುತ್ತುತ್ತಿತ್ತು. ನಾಲ್ಕು ಗಂಟೆಯೊಳಗೆ ‘ನಿಲ್ಲಿಸಿ’ ಎಂಬ ಮಾತು ಬಾರದಿದ್ದರೆ ಪಂಪ್ ಚಾಲೂ ಮಾಡಬೇಕು ಎಂಬುದು ಅಲ್ಲಿನ ಕ್ರಮ.

ಜೀಪಿನಲ್ಲಿ ಇಳಿದು ಹೋದರೆ ಅರ್ಧ ಗಂಟೆ ಬೇಕು. ಆಮೇಲೆ ಹೊಳೆಯಿತು: ನಾನಿರುವುದು ಗುಡ್ಡದ ನೆತ್ತಿಯ ಮೇಲೆ, ಇಲ್ಲಿಗೆ ಮಡ್ಕಯಿಯ ಸಿಗ್ನಲ್ಲೂ ಬರುತ್ತದೆ. ಆದರೆ ಹತ್ತಿರದ ಕೆಪೆ ಜೋರಾಗಿರುವುದರಿಂದ ರೇಡಿಯೊ ಅದನ್ನೇ ಹಿಡಿದುಕೊಂಡಿರುತ್ತದೆ. ಓಡಿಹೋಗಿ ಜೀಪಿನ ರೇಡಿಯೊ ಸೆಟ್ಟಿನಲ್ಲಿ ಮೆನು ತೆರೆದು, ಅದನ್ನು ಬಲವಂತವಾಗಿ ಮಡ್ಕಯಿಗೆ ಕಟ್ಟಿಹಾಕಿದೆ. ಸೊಂಟದ ವಾಕಿಟಾಕಿಯನ್ನು ಕೆಪೆ ಸೈಟಿನಲ್ಲೇ ಇರಗೊಟ್ಟು, ಜೀಪಿನ ಸೆಟ್ಟಿನಲ್ಲಿ ಪಂಪ್‌ಹೌಸನ್ನು ಕರೆದೆ.

“ಕೋಣ ಉಲಯ್ತಾ?” ಎಂದು ಪಂಪ್‌ಹೌಸಿನ ಹಿರಿಯ ಆಪರೇಟರ್ ಕೊಂಕಣಿಯಲ್ಲಿ ಕೇಳಿದ. ಯಾರು ಮಾತನಾಡುತ್ತಿರುವುದು ಎಂದು. ನಾನು ವಿಷಯ ಹೇಳಿದೆ. ಗ್ಯಾಂಗಿನವರ ಬಾಯಿಂದ ಕೇಳದೆ ನಂಬುವುದಿಲ್ಲ ಎಂದ. ನನ್ನ ದನಿ ಅವನಿಗೆ ಹೊಸದು. ನಾನು ವಾಕಿಟಾಕಿಯನ್ನು ಜೀಪಿನ ಮೈಕಿಗೆ ತಾಗಿಸಿ ಹಿಡಿದು, “ಯಲ್ಲವ್ವ, ಈಗ ಹೇಳವಾ” ಎಂದೆ.

“ಅಣ್ಣಾ, ಕೈ ಮುಗೀತೇನಿ, ಸ್ವಿಚ್ ಮುಟ್ಟಬ್ಯಾಡೋ!”

ಅವನಿಗೆ ಕನ್ನಡ ಎಷ್ಟು ತಿಳಿಯಿತೋ ಕಾಣೆ. ದನಿ ಮಾತ್ರ ತಿಳಿಯಿತು. ಸ್ವಿಚ್ ಬೋರ್ಡಿಗೆ ಬೀಗ ಹಾಕಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದ. ಆಗ ಮೂರು ಐವತ್ತೇಳು. ಮುಂದಿನ ಒಂದು ಗಂಟೆ ಎರಡೂ ರೇಡಿಯೊ ಹಿಡಿದು, ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸುತ್ತ ನಿಂತಿದ್ದೆ. ಐದರ ಹೊತ್ತಿಗೆ ಇಬ್ಬರೂ ಹೊರಬಂದರು. ಒಬ್ಬನ ಪಾದದ ಮೂಳೆ ಮುರಿದಿತ್ತು, ಅಷ್ಟೆ.

ಮರುದಿನ ಝುವಾರಿನಗರದ ಅವರ ಮನೆಗೆ ಹೋದೆ. ಯಲ್ಲವ್ವ ಚಹಾ ಕೊಟ್ಟು ಕೇಳಿದಳು: “ಸಾಹೇಬ್ರ, ಬಟನ್ ಒತ್ತಿದ್ರ ದಿನಾ ಹೆಂಗ ಟಿಣ್ ಅಂತಿತ್ತೋ ಹಂಗ ಅಂತಿತ್ತು. ಯಾರಿಗೂ ಕೇಳಸವಲ್ದು ಅಂತ ಅದು ಯಾಕ ಹೇಳಲಿಲ್ರಿ?”

ಸೈಟ್ ಒಂಟಿಯಾದಾಗ ಎಚ್ಚರಿಸುವ ಬೀಪ್ ಸದ್ದೊಂದು ಆ ಸೆಟ್ಟುಗಳಲ್ಲಿತ್ತು. ಕಿರಿಕಿರಿಯಾಗುತ್ತದೆಂದು ಸೂಪರ್‌ವೈಸರುಗಳು ದೂರಿದ್ದರಿಂದ ಎರಡು ವರ್ಷ ಹಿಂದೆ ನಾನೇ ಅದನ್ನು ಬಂದ್ ಮಾಡಿದ್ದೆ. ಅದನ್ನು ಅವಳಿಗೆ ಹೇಳಿದೆ.

ಅವಳು ಚಹಾದ ಲೋಟವನ್ನು ನನ್ನ ಹತ್ತಿರ ಸರಿಸಿದಳು. “ಖರೇ ಹೇಳಿದ್ರಿ, ಚಲೋ ಆತು. ಚಹಾ ಕುಡೀರಿ” ಎಂದಳು.

ಅದೇ ವಾರ ಎಲ್ಲ ಸೆಟ್ಟುಗಳಲ್ಲಿ ಆ ಸದ್ದನ್ನು ಮತ್ತೆ ಚಾಲೂ ಮಾಡಿದೆವು. ಪಂಪ್‌ಹೌಸಿನ ಕ್ರಮವೂ ತಲೆಕೆಳಗಾಯಿತು. ಒಳಗಿದ್ದವರು ‘ಹೊರಗೆ ಬಂದೆವು’ ಎಂದು ತಾವೇ ಹೇಳುವ ತನಕ ನೀರಿಲ್ಲ. ಸಿಗ್ನಲ್ ದೂರ ತಲುಪಿಸುವುದೇ ನನ್ನ ವಿದ್ಯೆ ಎಂದು ಮೂವತ್ತು ವರ್ಷ ನಂಬಿದ್ದೆ. ಮಾತು ತಲುಪದಿದ್ದಾಗ, ತಲುಪಲಿಲ್ಲವೆಂದು ಮಾತನಾಡಿದವರಿಗೆ ತಿಳಿಸುವುದೂ ನಮ್ಮದೇ ಕೆಲಸ ಎಂಬುದನ್ನು ಕಲಿಸಿದ್ದು ಕೆಪೆ.