ತಣ್ಣನೆಯ ಬಾನೆಟ್ ಮೇಲೆ ನೀರಕ್ಕನ ಅಂಗೈ

ಬೆಳಗಿನ ಐದೂವರೆ. ದರ್ಜಿಯೊಬ್ಬರ ಮನೆ ಮುಂದೆ ನಿಂತಿರುವ ಕೆಂಪು ಬಣ್ಣದ ಪುಟ್ಟ ಕಾರಿನ ಬಾನೆಟ್ ಮೇಲೆ ಹೆಂಗಸೊಬ್ಬರು ಅಂಗೈ ಊರಿ ನಿಂತಿದ್ದಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಅಲ್ಲಾಡುವುದಿಲ್ಲ. ಸುತ್ತ ನಿಂತ ಮೂವರಿಗೂ ಉಸಿರು ಬಿಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಕೊನೆಗೆ ಕೈ ತೆಗೆದು, ಸೀರೆಯ ಸೆರಗಿಗೆ ಒರೆಸಿಕೊಂಡು ಹೇಳುತ್ತಾರೆ: "ತಣ್ಣಗಿದೆ. ಸರಿ, ಶುರು ಮಾಡೋಣ."

ಬಿಸಿ ಇದ್ದಿದ್ದರೆ? ಅಲ್ಲಿಂದಲೇ ವಾಪಸ್. ಕಾಫಿ ಕೊಟ್ಟರೂ ನಿಲ್ಲುವುದಿಲ್ಲ. "ರಾತ್ರಿಯೆಲ್ಲ ಮಲಗಿದ್ದ ಗಾಡಿ ಎದ್ದ ತಕ್ಷಣ ಸುಳ್ಳು ಹೇಳಲ್ಲ ಕಣ್ರೀ. ನಾವು ಬರೋಕ್ಕೆ ಮುಂಚೆ ಬಿಸಿ ಮಾಡಿಟ್ರೆ ಮುಗೀತು. ಕೆಮ್ಮು, ನೆಗಡಿ ಎಲ್ಲಾ ಅಡಗಿಸ್ಕೊಂಡು, ಹೆಣ್ಣು ನೋಡೋಕೆ ಬಂದಿರೋ ಗಂಡಿನ ಥರ ನೆಟ್ಟಗೆ ಕೂತ್ಬಿಡುತ್ತೆ" ಅನ್ನುತ್ತಾರೆ.

ಇವರೇ ನೀರಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದನ್ನು ಗಂಡನೂ ಮರೆತಿದ್ದಾರೆ. ವಯಸ್ಸು ಐವತ್ತೆಂಟು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಬಡಪಾಯಿಗಳ ಜೊತೆ ಹೋಗಿ, ಗಾಡಿಯನ್ನು ಪರೀಕ್ಷೆ ಮಾಡಿ, ತಗೊಳ್ಳಿ ಅಥವಾ ಬೇಡ ಅಂತ ಒಂದು ಮಾತು ಹೇಳುವುದು ಇವರ ಕೆಲಸ. ದೊಡ್ಡ ಕಾರುಗಳ ತಂಟೆಗೆ ಹೋಗುವುದಿಲ್ಲ. ನಾಲ್ಕು ಜನ ಮಂಡಿ ಮಡಚಿ ಕೂರುವ ಸಣ್ಣ ಗಾಡಿಗಳಷ್ಟೇ. ವಾರಕ್ಕೆ ನಾಲ್ಕೋ ಐದೋ, ಹದಿನಾಲ್ಕು ವರ್ಷ. ಮೂರು ಸಾವಿರ ದಾಟಿರಬೇಕು. ಹತ್ತು ಗಾಡಿ ನೋಡಿದರೆ ಎಂಟಕ್ಕೆ ತಲೆ ಅಡ್ಡ ಆಡಿಸುತ್ತಾರೆ. ಹೂಂ ಅಂದರೂ ಊಹೂಂ ಅಂದರೂ ಕೂಲಿ ಒಂದೇ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡಬೇಕು. ನೀರಕ್ಕನಿಗೆ ಡ್ರೈವಿಂಗ್ ಬರುವುದಿಲ್ಲ. ಸ್ವಲ್ಪ ಬರುತ್ತೆ ಅನ್ನುವ ಹಾಗೂ ಇಲ್ಲ. ಸ್ಟೀರಿಂಗ್ ಹಿಂದೆ ಕೂತು ಒಂದು ಮಾರು ದೂರ ಗಾಡಿ ಓಡಿಸಿದವರಲ್ಲ.

ಈವತ್ತಿನ ಗಿರಾಕಿ ಒಬ್ಬ ನರ್ಸ್, ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದಿದ್ದಾಳೆ. ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನ ತನಕ ಮುದುರಿಕೊಂಡು ಬಿದ್ದಿದ್ದು ಮನೆಗೆ ಬರುತ್ತಾಳೆ. ಮನೆಯಲ್ಲಿ ಎರಡು ವರ್ಷದ ಮಗಳು. ಆ ಮಗು ಮಲಗುವಾಗ ಅಮ್ಮನಿಲ್ಲ, ಏಳುವಾಗಲೂ ಅಮ್ಮನಿಲ್ಲ. ಈಚೆಗೆ ಅಜ್ಜಿಯನ್ನೇ ಅಮ್ಮ ಅನ್ನಲು ಶುರು ಮಾಡಿದೆಯಂತೆ. ಮೊದಲೆಲ್ಲ ಅಪ್ಪ ಸ್ಕೂಟರ್‌ನಲ್ಲಿ ಹೋಗಿ ಕರೆತರುತ್ತಿದ್ದರು. ಈಗ ಅವರಿಗೆ ಕತ್ತಲಾದರೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮೂರು ವರ್ಷ ಚೂರು ಚೂರೇ ಕೂಡಿಟ್ಟ ದುಡ್ಡಿಗೆ ಸಿಗುವುದು ಇಂಥದೇ ಒಂದು ಗಾಡಿ, ಅದೂ ಒಂದೇ ಸಲ. ತಪ್ಪಿದರೆ ಮತ್ತೆ ಮೂರು ವರ್ಷ.

ಆ ಅಪ್ಪ ಇದ್ದಾರಲ್ಲ, ಅವರು ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಹುರಿ ಮಾಡಿದ ಮೀಸೆ. ಮಗಳು ಈ ಹೆಂಗಸನ್ನು ಕರೆಸಿದ್ದು ಅವರಿಗೆ ಮೊದಲಿನಿಂದಲೂ ಗಂಟಲಲ್ಲಿ ಮುಳ್ಳು.

"ಅಲ್ಲಮ್ಮಾ, ಕ್ಲಚ್ ಯಾವುದು ಬ್ರೇಕ್ ಯಾವುದು ಅಂತಾದ್ರೂ ಗೊತ್ತಾ ನಿನಗೆ?"

"ಗೊತ್ತು ಅಣ್ಣಾ. ಜಾಸ್ತಿ ಸವೆದಿರೋದು ಕ್ಲಚ್ಚು. ಎರಡೂ ಸವೆದಿದ್ರೆ ಓಡಿಸಿದೋನು ಬಸ್ ಡ್ರೈವರ್ರು."

ಮಗಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಾಳೆ. ದರ್ಜಿ ನಗಬೇಕೋ ಬೇಡವೋ ತಿಳಿಯದೆ ಕಾರಿನ ಕನ್ನಡಿ ಒರೆಸುತ್ತಾರೆ. ಪಾಪ, ಮರ್ಯಾದಸ್ಥ ಮನುಷ್ಯ. ಅಂಗಡಿಗೆ ಇನ್ನೊಂದು ಹೊಲಿಗೆ ಯಂತ್ರ ಹಾಕಬೇಕು ಅಂತ ಗಾಡಿ ಮಾರುತ್ತಿದ್ದಾರೆ. ಹನ್ನೊಂದು ಗಂಟೆಗೆ ಇನ್ನೊಬ್ಬ ಗಿರಾಕಿ ಬರುತ್ತಾನೆ, ನೀವು ಅದಕ್ಕೆ ಮೊದಲೇ ಹೇಳಿಬಿಡಿ ಅಂತ ಮುಂಚೆಯೇ ತಿಳಿಸಿದ್ದಾರೆ.

ನೀರಕ್ಕ ಕೆಲಸ ಮಾಡುವುದನ್ನು ನೋಡಬೇಕು. ಬಣ್ಣದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಬಾಗಿಲು ತೆಗೆದು ತಲೆ ಒಳಗೆ ಹಾಕಿ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಮುಗ್ಗಲು ವಾಸನೆ ಇಲ್ಲ. ಸೀಟ್ ಬೆಲ್ಟನ್ನು ಕೊನೆಯ ಗೇಣಿನವರೆಗೂ ಎಳೆಯುತ್ತಾರೆ, ನೀರಲ್ಲಿ ಮುಳುಗಿದ ಗಾಡಿಯಾದರೆ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಇಲ್ಲ. ಎಂಜಿನ್ ಆಯಿಲ್‌ನ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸುತ್ತಾರೆ. ಹಾಲಿನ ಕೆನೆಯಂತೆ ಬಿಳಿ ಕಟ್ಟಿದ್ದರೆ ಒಳಗೆ ನೀರು ಸೇರಿದೆ ಅಂತ ಲೆಕ್ಕ. ಅದೂ ಇಲ್ಲ. ಬಸ್ ಡ್ರೈವರ್ ಕೀಲಿ ತಿರುಗಿಸಿದಾಗ ನೀರಕ್ಕ ಕಣ್ಣು ಮುಚ್ಚಿ ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಸದ್ದು ಕೇಳುತ್ತಾರೆ, ಆಮೇಲೆ ಕಣ್ಣು ತೆರೆದು ಹೊಗೆ ನೋಡುತ್ತಾರೆ. ಎಲ್ಲ ಸರಿ.

"ಇನ್ನೇನಮ್ಮಾ, ಜಾತಕಾನೂ ನೋಡ್ತೀಯಾ?" ಅನ್ನುತ್ತಾ ಬಸ್ ಡ್ರೈವರ್ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ನೋಡಲು ಹೊರಟೇಬಿಡುತ್ತಾರೆ.

ಅವರು ಬರುವ ತನಕ ನೀರಕ್ಕನ ಹಿಂದಿನ ಕತೆ. ಇಪ್ಪತ್ತೆರಡನೇ ವಯಸ್ಸಿಗೆ ಗಾಡಿ ತೊಳೆಯುವ ಸರ್ವಿಸ್ ಸ್ಟೇಷನ್‌ಗೆ ಸೇರಿದವರು. ಇಪ್ಪತ್ತೆರಡು ವರ್ಷ ನೀರಿನ ಪೈಪು ಹಿಡಿದರು, ಹೆಸರು ಬಂದದ್ದೂ ಅಲ್ಲಿಂದಲೇ. ಉಳಿದವರು ಗಾಡಿಯ ಮೈ ತೊಳೆದರೆ ಇವರಿಗೆ ಒಳಗಿನ ಕೆಲಸ. ಕಾರ್ಪೆಟ್ ಎತ್ತು, ಮಣ್ಣು ಬಾಚು, ತಳ ಒರೆಸು. ಸೊಂಟ ಬಗ್ಗಿಸಿ, ಸೀಟಿನ ಕೆಳಗೆ ಮುಖ ತೂರಿಸಿ, ಕಾಣದ ಜಾಗದಲ್ಲಿ ಕೈಯಾಡಿಸುವ ಕೆಲಸ. ದಿನಕ್ಕೆ ಹದಿನೈದು ಗಾಡಿ. ಹಾಗಾಗಿ ಯಾವ ಗಾಡಿಯ ತಳದಲ್ಲಿ ಎಲ್ಲಿ ಏರು, ಎಲ್ಲಿ ತಗ್ಗು ಎನ್ನುವುದು ಅವರ ಅಂಗೈಗೆ ಬಾಯಿಪಾಠ. ಆಮೇಲೆ ತೊಳೆಯುವ ಮೆಷಿನ್ ಬಂತು, ನಲವತ್ತನಾಲ್ಕನೇ ವಯಸ್ಸಿಗೆ ಕೈ ಖಾಲಿ. ಗಂಡ ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದವರು, ಅಷ್ಟು ಹೊತ್ತಿಗೆ ಬಣ್ಣದ ಗಾಳಿ ಕುಡಿದು ಶ್ವಾಸಕೋಶ ಕೆಟ್ಟು ಮನೆ ಹಿಡಿದಿದ್ದರು. ಹಳೆಯ ಗಿರಾಕಿಯೊಬ್ಬರು "ನೀರಕ್ಕ, ನಾನೊಂದು ಕಾರು ತಗೋತಾ ಇದೀನಿ, ಸ್ವಲ್ಪ ಬಂದು ನೋಡ್ತೀಯಾ?" ಅಂದದ್ದೇ ಈ ಕಸುಬಿನ ಮೊದಲು.

ಗಂಡ ಈಗಲೂ ಮಂಚದ ಮೇಲೆ ಕೂತು ತಮಾಷೆ ಮಾಡುತ್ತಾರೆ: "ಮೂವತ್ತು ವರ್ಷ ನಾನು ಮುಚ್ಚಿಟ್ಟಿದ್ದನ್ನೆಲ್ಲ ಇವಳು ಒಂದೊಂದಾಗಿ ಬಿಚ್ತಾ ಇದಾಳೆ. ಇಂಥವಳನ್ನ ಕಟ್ಕೊಂಡು ನಾನು ಹೇಗೆ ಬಾಳಿದೆನೋ!"

ನೀರಕ್ಕ ತಪ್ಪೇ ಮಾಡಿಲ್ಲವೇ ಅಂದರೆ, ಮಾಡಿದ್ದಾರೆ. ಹತ್ತು ವರ್ಷದ ಹಿಂದೆ. ತಂಗಿ ಕೊಳ್ಳಲು ಹೊರಟ ಕಾರು ನೀರಕ್ಕ ತಾವೇ ನಾಲ್ಕು ವರ್ಷ ವಾರಕ್ಕೊಮ್ಮೆ ತೊಳೆದ ಗಾಡಿ. "ಇದರ ಮೂಲೆ ಮೂಲೆ ನನಗೆ ಗೊತ್ತು, ಕಣ್ಮುಚ್ಚಿ ತಗೋ" ಅಂದರು. ಕಾರ್ಪೆಟ್ ಎತ್ತಲಿಲ್ಲ. ಇವರು ಕೆಲಸ ಬಿಟ್ಟ ಮೇಲೆ ಆ ಗಾಡಿ ಎರಡು ದಿನ ನೀರಿನಲ್ಲಿ ನಿಂತಿತ್ತು. ತಂಗಿ ಕೊಂಡ ಮೂರನೇ ತಿಂಗಳಿಗೆ ನಡುರಸ್ತೆಯಲ್ಲಿ ವೈರು ಸುಟ್ಟು ಒಳಗೆ ಹೊಗೆ ತುಂಬಿತು, ಬಾಗಿಲಿನ ಲಾಕು ಬಿಡಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ಗಾಜು ಒಡೆದು ತಂಗಿಯನ್ನು ಎಳೆದು ಹಾಕಿದರು. ಜೀವ ಉಳಿಯಿತು, ಅಕ್ಕನ ಜೊತೆ ಮಾತು ಒಂದೂವರೆ ವರ್ಷ ನಿಂತಿತು. "ಗುರುತಿದೆ ಅಂತ ಕೈ ಹಾಕಲಿಲ್ಲ ನೋಡಿ, ಅದೇ ತಪ್ಪು. ಅವತ್ತಿಂದ ಎತ್ತದೆ ಇರೋ ಕಾರ್ಪೆಟ್ಟೇ ಇಲ್ಲ" ಅನ್ನುವಾಗ ನೀರಕ್ಕನ ದನಿ ತಗ್ಗುತ್ತದೆ.

ಇಪ್ಪತ್ತು ನಿಮಿಷಕ್ಕೆ ಕೆಂಪು ಕಾರು ವಾಪಸ್ ಬರುತ್ತದೆ. ಬಸ್ ಡ್ರೈವರ್ ಇಳಿಯುವ ಠೀವಿಯೇ ಬೇರೆ. "ಬೆಣ್ಣೆ ಕಣಮ್ಮಾ, ಬೆಣ್ಣೆ! ಕೈ ಬಿಟ್ರೂ ನೆಟ್ಟಗೆ ಹೋಗುತ್ತೆ. ಮೂವತ್ತೊಂದು ವರ್ಷದ ಸರ್ವಿಸ್ ಮೇಲೆ ಹೇಳ್ತಾ ಇದೀನಿ, ಇದು ನನ್ನ ಮಗಳ ಗಾಡಿ." ಮಗಳು ಆಗಲೇ ಡ್ರೈವರ್ ಸೀಟಿಗೆ ಬಂದು ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಳ್ಳುತ್ತಿದ್ದಾಳೆ. ಹಿಂದಿನ ಸೀಟು ತೋರಿಸಿ, ಮಗುವನ್ನು ಅಲ್ಲಿ ಕೂರಿಸಬಹುದು ಅಲ್ವಾ ಅಪ್ಪ ಅನ್ನುತ್ತಾಳೆ.

"ಒಂದು ನಿಮಿಷ ಇಳಿಯಮ್ಮ ಪುಟ್ಟಿ" ಅನ್ನುತ್ತಾರೆ ನೀರಕ್ಕ.

ಸೀಟು ಮುಂದಕ್ಕೆ ತಳ್ಳಿ, ಕಾರ್ಪೆಟ್‌ನ ಅಂಚು ಎಬ್ಬಿಸಿ, ಮೊಣಕೈವರೆಗೂ ಕೈ ತೂರಿಸುತ್ತಾರೆ. ಮುಖ ಆಚೆ ಕಡೆ. ಕೈ ನಿಧಾನಕ್ಕೆ ಸರಿಯುತ್ತದೆ, ನಿಲ್ಲುತ್ತದೆ, ಹಿಂದೆ ಬರುತ್ತದೆ, ಮತ್ತೆ ಅದೇ ಜಾಗಕ್ಕೆ ಹೋಗುತ್ತದೆ. ಸುತ್ತ ಬಂದು ಆ ಕಡೆಯ ಬಾಗಿಲಲ್ಲೂ ಹಾಗೇ. ಕೈ ಹೊರಗೆ ತೆಗೆದು ಎದ್ದು ನಿಲ್ಲುತ್ತಾರೆ.

"ತಳದ ಗೆರೆಗಳು ಉದ್ದಕ್ಕೆ ಓಡ್ಬೇಕು. ಇಲ್ಲೊಂದು ಅಡ್ಡಕ್ಕೆ ಓಡ್ತಾ ಇದೆ. ಈ ಬಾಗಿಲಿಂದ ಆ ಬಾಗಿಲ ತನಕ." ಬಸ್ ಡ್ರೈವರ್ ಕಡೆ ತಿರುಗಿ ಹೇಳುತ್ತಾರೆ. "ಇದು ಒಂದು ಗಾಡಿ ಅಲ್ಲ ಅಣ್ಣಾ. ಎರಡು. ಮುಂದೆ ಜಜ್ಜಿಹೋದ ಗಾಡೀದು ಹಿಂಭಾಗ, ಹಿಂದೆ ಜಜ್ಜಿಹೋದದ್ದರ ಮುಂಭಾಗ. ನಡುವೆ ಬೆಸುಗೆ ಹಾಕಿದಾರೆ."

"ಏನು ಮಾತೂಂತ ಆಡ್ತೀಯಾ! ನಾನು ಓಡಿಸ್ಕೊಂಡು ಬಂದಿಲ್ವಾ ಈಗ?"

"ಓಡುತ್ತೆ. ಚೆನ್ನಾಗೇ ಓಡುತ್ತೆ. ಎಲ್ಲಾದ್ರೂ ಗುದ್ದಿದ ದಿನ ಬಿಚ್ಕೊಳ್ಳುತ್ತೆ."

ಬಸ್ ಡ್ರೈವರ್ ಆ ಬಿಳಿ ಪ್ಯಾಂಟಿನಲ್ಲೇ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರುತ್ತಾರೆ. ಮೊಬೈಲಿನ ಬೆಳಕು ಬಿಟ್ಟು, ತಳಕ್ಕೆ ಬಳಿದ ದಪ್ಪ ಕಪ್ಪು ಬಣ್ಣವನ್ನು ಮನೆಯ ಬೀಗದ ಕೀಲಿಯಿಂದ ಕೆರೆಯುತ್ತಾರೆ. ಕೆರೆಯುವ ಸದ್ದು ತುಂಬಾ ಹೊತ್ತು ಕೇಳುತ್ತದೆ. ಬಣ್ಣದಡಿಯಿಂದ ಬೆಸುಗೆಯ ಗೆರೆ ಬಂದ ಮೇಲೆ ನಿಲ್ಲುತ್ತದೆ. ಹೊರಗೆ ಬಂದ ಮನುಷ್ಯನ ಮೀಸೆಯ ತುಂಬ ಕಪ್ಪು ಪುಡಿ. ಮಗಳ ಮುಖ ನೋಡಲಾರದೆ ಕೀಲಿಯನ್ನೇ ನೋಡುತ್ತಾ ನಿಲ್ಲುತ್ತಾರೆ.

ಸಿಟ್ಟು ಬಂದದ್ದು ದರ್ಜಿಗೆ. "ಸುಮ್ಮನೆ ಕತೆ ಕಟ್ಟಬೇಡಿ. ಎರಡು ವರ್ಷದಿಂದ ನನ್ನ ಮಕ್ಕಳು ಇದರಲ್ಲೇ ಸ್ಕೂಲಿಗೆ ಹೋಗ್ತಾ ಇದಾರೆ. ನಿಮಗೆ ಬೇಡ ಅಂದ್ರೆ ಬಿಡಿ, ಹನ್ನೊಂದು ಗಂಟೆಗೆ ಬರೋರು ಕಣ್ಣಿಗೊತ್ಕೊಂಡು ತಗೋತಾರೆ. ಅವರ ಮುಂದೆ ಮಾತ್ರ ಬಾಯಿ ಬಿಡಬೇಡಿ."

ನೀರಕ್ಕ ಜಗಳಕ್ಕೆ ನಿಲ್ಲುವುದಿಲ್ಲ. "ನಿನ್ನ ಕೈ ಕೊಡು ತಮ್ಮಾ" ಅನ್ನುತ್ತಾರೆ. ದರ್ಜಿಯ ಕೈ ಹಿಡಿದು ಕಾರ್ಪೆಟ್ ಕೆಳಗೆ ತಗೊಂಡು ಹೋಗಿ ಆ ಗೆರೆಯ ಮೇಲೆ ಇಟ್ಟು ತಮ್ಮ ಕೈ ತೆಗೆದುಕೊಳ್ಳುತ್ತಾರೆ. ಜೀವಮಾನವಿಡೀ ಬಟ್ಟೆ ಮುಟ್ಟಿದ ಬೆರಳುಗಳು ಅವು. ಆ ಗೆರೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುತ್ತವೆ. ಯಾರೂ ಏನೂ ಹೇಳಿಕೊಡುವುದು ಬೇಕಾಗಲಿಲ್ಲ.

"ಜೋಡು" ಅನ್ನುತ್ತಾರೆ ದರ್ಜಿ, ತಮಗೆ ತಾವೇ. "ಇದು ಜೋಡು ಹಾಕಿರೋದು. ಎರಡು ಬೇರೆ ಬೇರೆ ತುಂಡು." ಅಲ್ಲೇ ಕಾರಿನ ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂರುತ್ತಾರೆ. ಮನೆಯೊಳಗೆ ಮಕ್ಕಳು ಎದ್ದ ಸದ್ದು, ಒಬ್ಬನು ಇನ್ನೊಬ್ಬನ ಟೂತ್‌ಬ್ರಷ್ ಕಿತ್ತುಕೊಂಡ ಗಲಾಟೆ. "ಹಿಂದಿನ ಸೀಟಲ್ಲಿ ಇಬ್ಬರೂ ಕೂತ್ಕೊಂಡು ಕುಣೀತಾ ಇರ್ತಾರಮ್ಮ. ಕಾಲು ಸರಿಯಾಗಿ ಇಲ್ಲೇ ಇಡ್ತಾರೆ."

ದರ್ಜಿ ಜೇಬಿನಿಂದ ಫೋನು ತೆಗೆದು, ಎಲ್ಲರ ಎದುರಿಗೇ, ಹನ್ನೊಂದು ಗಂಟೆಯ ಗಿರಾಕಿಗೆ ಫೋನು ಮಾಡುತ್ತಾರೆ. "ಸಾರ್, ಬರಬೇಡಿ. ಇಲ್ಲ, ಯಾರಿಗೂ ಮಾರಿಲ್ಲ. ಮಾರೋ ಗಾಡಿ ಅಲ್ಲ ಇದು." ಹೊಸ ಹೊಲಿಗೆ ಯಂತ್ರದ ಆಸೆ ಅಷ್ಟಕ್ಕೇ ಮುಗಿಯಿತು. ಇಷ್ಟೆಲ್ಲ ಆದರೂ ಮರ್ಯಾದೆ ಬಿಡದ ಮನುಷ್ಯ ಎಲ್ಲರಿಗೂ ಕಾಫಿ ತರಿಸುತ್ತಾರೆ. ಗುಜರಿಯವನು ಗಾಡಿಯನ್ನು ತುಂಡು ಮಾಡುವಾಗ ತಾನೇ ಪಕ್ಕದಲ್ಲಿ ನಿಂತು ನೋಡುತ್ತೇನೆ, ಇಲ್ಲದಿದ್ದರೆ ಇದು ಮತ್ತೆ ಬಣ್ಣ ಬಳಿದುಕೊಂಡು ಯಾರದೋ ಮನೆ ಮುಂದೆ ನಿಲ್ಲುತ್ತೆ ಅನ್ನುತ್ತಾರೆ.

ನರ್ಸ್ ಮಾತ್ರ ಅಳುತ್ತಾಳೆ. ಅವಳಿಗೆ ಗಾಡಿ ಕೈತಪ್ಪಿತಲ್ಲ. ಅಂದು ಸಂಜೆಯೂ ಡ್ಯೂಟಿ, ಮತ್ತೆ ಅದೇ ಬೆಂಚು. ಬಸ್ ಡ್ರೈವರ್ ಕಪ್ಪಾದ ಕೈಯನ್ನು ಮಗಳ ತಲೆಯ ಮೇಲೆ ಇಡಲು ಹೋಗಿ, ಕೂದಲು ಕೊಳೆಯಾದೀತು ಅಂತ ತಡೆದು, ನೀರಕ್ಕನ ಕಡೆ ತಿರುಗಿ, "ಇನ್ನೊಂದು ಎಲ್ಲಿದೆ ಅಂತ ಹೇಳಿ. ನಾಳೆ ಎಷ್ಟು ಹೊತ್ತಿಗೆ ಬರಲಿ?" ಅನ್ನುತ್ತಾರೆ. ನೀನು ಹೋಗಿ ನೀವು ಆದದ್ದನ್ನು ಮಗಳೂ ಗಮನಿಸಿದಳು.

ಮುಂದಿನ ಎರಡು ವಾರ ನಾಲ್ಕು ಗಾಡಿ. ಮೂರಕ್ಕೆ ಬೇಡ. ನಾಲ್ಕನೆಯದು ಬೂದು ಬಣ್ಣದ್ದು, ಬಿಸಿಲಿಗೆ ಬಣ್ಣ ಸುಲಿದದ್ದು, ಒಂದು ಬಾಗಿಲು ಅಪ್ಪಚ್ಚಿ. ನೀರಕ್ಕ ಕಾರ್ಪೆಟ್ ಕೆಳಗಿನಿಂದ ಕೈ ತೆಗೆದು "ತಗೊಳ್ಳಿ" ಅಂದಾಗ ಬಸ್ ಡ್ರೈವರ್‌ಗೆ ತಡೆಯಲಾಗಲಿಲ್ಲ.

"ಇದಕ್ಕೆ ಮುಖಾನೇ ಇಲ್ವಲ್ರೀ!"

"ತೊಳೆದ್ರೆ ಬರುತ್ತೆ ಅಣ್ಣಾ. ಬಕೆಟ್ ಎಲ್ಲಿದೆ?"

ಆ ಗಾಡಿಯನ್ನು ನೀರಕ್ಕನೇ ತೊಳೆದುಕೊಟ್ಟರು. ಅದಕ್ಕೆ ಕೂಲಿ ಕೇಳಲಿಲ್ಲ.

ಆಮೇಲೊಂದು ಬೆಳಗ್ಗೆ ಮನೆಯ ಜಗಲಿಯಲ್ಲಿ ಕೂತು, ಗಂಡನಿಗೆ ಔಷಧಿ ಕೊಟ್ಟು, ಮುಂದಿನ ಗಿರಾಕಿಗಾಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವ ನೀರಕ್ಕನನ್ನು ಆ ನರ್ಸ್ ಹೇಗಿದ್ದಾಳೆ ಅಂತ ಕೇಳಿದರೆ, ಸಂತೋಷ ಮುಚ್ಚಿಟ್ಟುಕೊಳ್ಳಲು ಆಗದೆ ಮುಖವನ್ನು ಆಚೆ ತಿರುಗಿಸುತ್ತಾರೆ.

"ಗಾಡಿ ಕೆಟ್ರೆ ಎಲ್ಲರೂ ಫೋನ್ ಮಾಡ್ತಾರೆ. ಚೆನ್ನಾಗಿದ್ರೆ ಯಾಕೆ ಮಾಡ್ತಾರೆ ಹೇಳಿ? ಮನೆಗೆ ಹೋಗೋದು, ಮಗೂನ ಪಕ್ಕ ಮಲಗಿಸ್ಕೊಳೋದು, ಅದೇ ಆಗಿರುತ್ತೆ." ಬೆರಳು ಮಡಚಿ ಎಣಿಸುತ್ತಾರೆ. "ಹತ್ತೊಂಬತ್ತು ದಿನ ಆಯ್ತು. ಒಂದೇ ಒಂದು ಸಲ ಫೋನ್ ಮಾಡಿಲ್ಲ ನೋಡಿ ಆ ಹುಡುಗಿ!"