ನೀಲಿ ಗುಲಾಬಿಯ ಹಾರ ಕರಗಲಿಲ್ಲ

ಗಣಪತಿಯನ್ನು ಮುಂಬೈಯ ಪವಾಯಿ ಕೆರೆಗೆ ಬಿಟ್ಟು ತಿಂಗಳಾಗಿತ್ತು. ಅವನ ಹಾರ ನಮಗೆ ಮತ್ತೆ ಎದುರಾಯಿತು. ಬಣ್ಣವೂ ಮಾಸಿರಲಿಲ್ಲ.

ಹಾರ ತಂದವರು ನಮ್ಮವರು. ಎಂಜಿನಿಯರ್ ಅಲ್ಲವೇ, ಹಬ್ಬಕ್ಕೂ ಒಂದು ಸ್ಕೀಮ್ ಇರಬೇಕು. ದಾದರ್‌ಗೆ ಹೂ ತರಲು ಹೋದವರು ಪ್ಲಾಸ್ಟಿಕ್ ಹಾರ ಹಿಡಿದು ಬಂದರು. ಅದೂ ನೀಲಿ ಗುಲಾಬಿ. (ದೇವರೇ ಸೃಷ್ಟಿಸದ ಹೂವನ್ನು ದೇವರಿಗೇ ಏರಿಸುವ ಧೈರ್ಯ ಇನ್ನಾರಿಗಿದೆ?)

"ಬಾಡೋದಿಲ್ಲ, ಉದುರೋದಿಲ್ಲ. ತೊಳೆದಿಟ್ಟರೆ ಮುಂದಿನ ವರ್ಷಕ್ಕೂ ಆಯ್ತು" ಎಂದರು. ಬಿಲ್ಡಿಂಗಿನವರೆಲ್ಲ ಬಂದು ಹೊಗಳಿ ಹೋದರು. ನನಗೂ ಚೆನ್ನಾಗಿಯೇ ಕಂಡಿತು, ಸುಳ್ಳು ಯಾಕೆ ಹೇಳಲಿ?

ಅತ್ತೆಯ ಗಮನವೆಲ್ಲ ಮಗಳ ಮೇಲೆ. ನನ್ನ ನಾದಿನಿ ಗಿರಿಜಾ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಸುಖವಾಗಿ ಹೆರಿಗೆಯಾಗಲಿ ಎಂದು ಅತ್ತೆ ಹರಕೆ ಹೊತ್ತು, ಅವಳ ಹೆಸರು ಹೇಳಿ ಆ ಹಾರಕ್ಕೆ ಒಂದು ಕೆಂಪು ದಾರ ಕಟ್ಟಿದರು.

ಜಗಳ ಶುರುವಾದದ್ದು ಕೆರೆಯ ದಡದಲ್ಲಿ. ನಮ್ಮವರು ಮೆಲ್ಲಗೆ ಗಣಪತಿಯ ಕೊರಳಿಗೆ ಕೈಹಾಕಿದರು.

"ಏನೋ ಅದು?" ಎಂದರು ಅತ್ತೆ.

"ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ ಅಂತ, ಅಮ್ಮ."

"ದೇವರ ಮೈಮೇಲಿದ್ದದ್ದು ನಿರ್ಮಾಲ್ಯ ಕಣೋ. ಅದನ್ನ ಯಾರಾದ್ರೂ ವಾಪಸ್ ಮನೆಗೆ ತರ್ತಾರಾ? ನೀರಿಗೇ ಹೋಗ್ಬೇಕು."

ಹೋಯಿತು. ಮಣ್ಣಿನ ಗಣಪತಿ ಮುಳುಗಿದ, ಹಾರವೂ ಜೊತೆಗೆ ಮುಳುಗಿತು. ಸ್ಕೀಮ್ ನೀರುಪಾಲಾದದ್ದಕ್ಕೆ ನಮ್ಮವರು ಮುಖ ಊದಿಸಿಕೊಂಡೇ ಮನೆಗೆ ಬಂದರು.

ಡಾಕ್ಟರು ಗಿರಿಜಾಗೆ ದಿನಾ ನಡೆಯಬೇಕು ಎಂದಿದ್ದರು. ಹಾಗಾಗಿ ಒಂದು ಸಂಜೆ ನಾವು ಮೂವರು ಹೆಂಗಸರು ಕೆರೆಯ ಪಕ್ಕ ಹೊರಟೆವು. ಜೊಂಡಿನ ನಡುವೆ ಹಳದಿ, ಗುಲಾಬಿ, ಹಸಿರು ಹಾರಗಳ ರಾಶಿ. ಊರಿನ ಎಷ್ಟು ಮನೆಗಳ ಸ್ಕೀಮುಗಳೋ! ಅವುಗಳ ಮಧ್ಯೆ ನಮ್ಮ ನೀಲಿ ಗುಲಾಬಿ, ಕೆಂಪು ದಾರದ ಸಮೇತ.

ಅತ್ತೆ ನಿಂತುಬಿಟ್ಟರು. "ಗಣಪತಿ ಹೋಗೇ ಇಲ್ಲ ಅಂತಾಯ್ತಲ್ಲೇ. ನನ್ನ ಹರಕೆ ಇಲ್ಲೇ ಉಳಿದುಬಿಡ್ತಲ್ಲ."

ನಗೋಣವೆಂದರೆ ಗಿರಿಜಾಳ ಮುಖ ಬಿಳಿಚಿಕೊಂಡಿತ್ತು. ಒಂಬತ್ತು ತಿಂಗಳ ಬಸುರಿಯ ಮುಂದೆ ತರ್ಕ ಮಾತಾಡಲಾದೀತೇ? ನನಗೂ ಒಳಗೊಳಗೇ ಹೆದರಿಕೆಯಾಯಿತು. ಆ ರಾತ್ರಿ ಅತ್ತೆ ಊಟಕ್ಕೆ ಏಳಲಿಲ್ಲ.

ಮರುದಿನ ಭಾನುವಾರ. ನಮ್ಮ ಎಂಜಿನಿಯರ್ ಸಾಹೇಬರು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗೆ ಇಳಿದು, ಕೊಡೆಯ ಹಿಡಿಕೆಯಿಂದ ಹಾರ ಎಳೆದರು. ನಮ್ಮದೊಂದನ್ನು ಎಳೆದರೆ ನಾಲ್ಕಾರು ಜೊತೆಗೇ ಬಂದವು. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ತಲೆಯೆತ್ತಿ, ದಡದಲ್ಲಿ ನಿಂತಿದ್ದ ಅತ್ತೆಗೆ ಹೇಳಿದ: "ಆಜೀ, ಮಾಸೇ ಕಮೀ, ಹಾರ್ ಜಾಸ್ತಿ." ಮೀನು ಕಡಿಮೆ, ಹಾರವೇ ಜಾಸ್ತಿ ಎಂಬುದು ಮರಾಠಿ ಬಾರದ ಅತ್ತೆಗೂ ಅರ್ಥವಾಯಿತು. ಅವನ ಬಲೆಯಲ್ಲಿ ಕಂಡದ್ದೆಲ್ಲ ಹಾರವೇ.

ನೀರೇ ಒಲ್ಲೆ ಅಂದಮೇಲೆ ಅತ್ತೆಯೂ ಒಪ್ಪಿದರು, ಮನೆಗೇನೋ ತಂದೆವು. ಆಮೇಲೆ? ಗುಜರಿ ಕೊಳ್ಳುವ ಭಂಗಾರ್‌ವಾಲಾ ಮುಟ್ಟಲಿಲ್ಲ. ಒಂದು ಹೂ ಒಲೆಗೆ ಹಾಕಿ ನೋಡಿದೆ, ಮನೆಯೆಲ್ಲ ನಾತ. ಚೆಂಡುಹೂವಾಗಿದ್ದರೆ ಇಷ್ಟು ಹೊತ್ತಿಗೆ ತುಳಸಿ ಕುಂಡದಲ್ಲಿ ಮಣ್ಣಾಗಿರುತ್ತಿತ್ತು. ನಿರ್ಮಾಲ್ಯವಾಗಬೇಕಾದರೆ ಮೊದಲು ಬಾಡಲು ಗೊತ್ತಿರಬೇಕು, ಅಲ್ಲವೇ? ಕೊನೆಗೆ ಹಾರ ಬಾಲ್ಕನಿಯ ಮೊಳೆ ಸೇರಿತು. ಮುಂದಿನ ಚೌತಿಗೆ ಕಾಂಪೌಂಡಿನ ಗರಿಕೆ, ದಾಸವಾಳ ಸಾಕು ಎಂದು ಮನೆಯಲ್ಲಿ ಠರಾವು ಪಾಸಾಗಿದೆ. (ವಿರೋಧ ಪಕ್ಷವೂ ಕೈ ಎತ್ತಿತು.)

ಕಳೆದ ವಾರ ಗಿರಿಜಾಗೆ ಸುಖವಾಗಿ ಹೆರಿಗೆಯಾಯಿತು. ಹೆಣ್ಣುಮಗು, ತಲೆತುಂಬ ಕೂದಲು. ಅತ್ತೆಯ ಮುಖಕ್ಕೆ ಕಳೆ ಬಂತು. ನನಗೂ ನಿದ್ದೆ ಬಂತು.

ನಿನ್ನೆ ಮೊಮ್ಮಗಳನ್ನು ಎತ್ತಿಕೊಂಡು ಬಾಲ್ಕನಿಯ ಬಿಸಿಲಿಗೆ ಕೂತಿದ್ದ ಅತ್ತೆ, ಮೊಳೆಯ ಮೇಲಿನ ನೀಲಿ ಗುಲಾಬಿಯನ್ನು ನೋಡಿ ಮಗನನ್ನು ಕರೆದರು.

"ಈ ಕೂಸಿನ ಮದುವೆ ಹೊತ್ತಿಗೂ ಅದು ಹೀಗೇ ಇರುತ್ತೆ ಕಣೋ. ಅಲ್ಲೀವರೆಗೂ ಅದರ ಬಾಣಂತನ ಯಾರು ಮಾಡ್ತಾರೆ?"