ನಾಲ್ಕು ಮೀಟರ್ ನೆರಳು

ಮಗಳ ಮದುವೆಯ ದಿನ ಬೆಳಿಗ್ಗೆ ಅಪ್ಪನಾದವನಿಗೆ ಏನೆಲ್ಲ ಅನಿಸಬಹುದು? ಸಂತೋಷ, ಸಂಕಟ, ಅಡುಗೆಯವರು ಬಂದರೋ ಇಲ್ಲವೋ ಎಂಬ ಆತಂಕ. ನನಗೆ ಆದದ್ದು ಹೊಟ್ಟೆಕಿಚ್ಚು. ಅದೂ ಒಂದು ಹಳೇ ಕಾರಿನ ವಿಷಯಕ್ಕೆ.

ಕಾರು ಇಮ್ತಿಯಾಜ್‌ನದು. ಭಟ್ಕಳದವನು, ಬರ್ ದುಬೈಯಲ್ಲಿ ಬಟ್ಟೆ ಅಂಗಡಿ, ನನಗೆ ಹಳೆಯ ಗೆಳೆಯ. ಮದುವೆಯ ಹಾಲ್‌ಗೆ ಅದರಲ್ಲೇ ಹೋಗುವುದೆಂದು ಮಗಳು ಮೊದಲೇ ತೀರ್ಮಾನಿಸಿದ್ದಳು. "ಪಪ್ಪಾ, ಯುವರ್ ಕಾರ್ ಈಸ್ ಸೋ ಬೋರಿಂಗ್." (ನನ್ನದು ಬಿಳಿ ಎಸ್‌ಯುವಿ. ಮಾಲ್ ಪಾರ್ಕಿಂಗಿನಲ್ಲಿ ನನಗೇ ಗುರುತು ಸಿಗುವುದಿಲ್ಲ.)

ಇಮ್ತಿಯಾಜ್‌ನದು ಎಪ್ಪತ್ತರ ದಶಕದ ಜಪಾನಿ ಫ್ಯಾಮಿಲಿ ಕಾರು, ರೋಟರಿ ಎಂಜಿನ್ನಿನದು. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಕುಣಿಯುತ್ತವೆ. ಇದರಲ್ಲಿ ಮೂರು ಮೂಲೆಯ ತುಂಡುಗಳು ರುಬ್ಬುಗುಂಡಿನ ಹಾಗೆ ಸುತ್ತುತ್ತವೆ, ಅಷ್ಟೆ. ನಡುಕವೇ ಇಲ್ಲ. ಜರ್ಮನಿಯವರು ಕಂಡುಹಿಡಿದು ಕೈ ಸುಟ್ಟುಕೊಂಡರು. ಜಪಾನಿನವರು ಹಟ ಹಿಡಿದು ಸಂಸಾರಸ್ಥರ ಕಾರಿಗೂ ತಂದರು. ಅಷ್ಟರಲ್ಲಿ ಪೆಟ್ರೋಲ್ ದುಬಾರಿಯಾಯಿತು. ಇದೋ, ಕುಡಿಯುವುದರಲ್ಲಿ ಎತ್ತಿದ ಕೈ. ಜಗತ್ತು ಕೈಬಿಟ್ಟಿತು. ಗಲ್ಫ್‌ನಲ್ಲಿ ಪೆಟ್ರೋಲಿನ ಚಿಂತೆ ಯಾರಿಗಿತ್ತು? ಇಲ್ಲಿ ಹೇಗೋ ಬದುಕಿಕೊಂಡಿತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು? ಅದು ನನ್ನದೇ ಕಾರಾಗಿತ್ತು ಸ್ವಾಮಿ.

ದುಬೈಗೆ ಬಂದ ಹೊಸತರಲ್ಲಿ, ದೇಶ ಬಿಟ್ಟು ಹೊರಟ ಬಾಸ್ ನನಗೆ ದಾಟಿಸಿದ್ದು. ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಅದರಲ್ಲೇ. ಆದರೆ ಪದೇಪದೇ ಕೈಕೊಡುತ್ತಿತ್ತು. ಒಂದು ದಿನ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. "ಎಂಜಿನ್ ಖಲಾಸ್" ಎಂದು ಇಮ್ತಿಯಾಜ್‌ಗೆ ಎತ್ತಿಕೊಟ್ಟೆ.

ಒಂದೇ ವಾರ. ಅದನ್ನೇ ಓಡಿಸಿಕೊಂಡು ಮನೆಗೆ ಬಂದ.

"ಎಂಜಿನಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ನೀವು ನಾಲ್ಕು ಮೀಟರ್ ಸರಿಸಿ ಆಫ್ ಮಾಡ್ತಿದ್ರಲ್ಲ? ಇದಕ್ಕೆ ಅದು ಆಗೂದಿಲ್ಲ. ಬಿಸಿ ಆಗುವ ಮೊದ್ಲು ಆಫ್ ಮಾಡಿದ್ರೆ ಒಳಗೆ ಪೆಟ್ರೋಲ್ ತುಂಬ್ತದೆ. ಪ್ಲಗ್ ಒಣಗಿಸಿದೆ, ಅಷ್ಟೇ."

ಇಲ್ಲಿನ ಬೇಸಿಗೆಯಲ್ಲಿ ಯಾರು ಸರಿಸುವುದಿಲ್ಲ ಹೇಳಿ? ಬಿಲ್ಡಿಂಗಿನ ನೆರಳು ಸರಿದ ಹಾಗೆ ಲುಂಗಿಯಲ್ಲೇ ಇಳಿದು ಕಾರು ಸರಿಸುವ ಜನ ನಾವು. ಕಾಳಜಿ ಮಾಡಿಯೇ ಕಾರು ಕಳೆದುಕೊಂಡಿದ್ದೆ. ವಾಪಸ್ ಕೇಳಲು ಮರ್ಯಾದೆ ಅಡ್ಡ ಬಂತು. ಅಂದಿನಿಂದ ಅವನು ಹಾರ್ನ್ ಹೊಡೆದಾಗಲೆಲ್ಲ ನನ್ನ ಹೊಟ್ಟೆ ಉರಿದಿದೆ.

ಮದುವೆಯ ಹಿಂದಿನ ಸಂಜೆಯೇ ಕಾರು ತಂದು ನಿಲ್ಲಿಸಿದ್ದ. ಬೆಳಿಗ್ಗೆ ಹೂವಿನ ಅಲಂಕಾರ ಮುಗಿಸುವಷ್ಟರಲ್ಲಿ ಬಿಸಿಲು ಬಂತು. ಕೀ ನನ್ನ ಕೈಗಿಟ್ಟ.

"ಸ್ವಲ್ಪ ನೆರಳಿಗೆ ಹಾಕಿ ಮಾರಾಯ್ರೆ, ಹೂ ಬಾಡ್ತದೆ. ಆಫ್ ಮಾತ್ರ ಮಾಡ್ಬೇಡಿ."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಆಫ್ ಮಾಡಿದರೆ ಮುಗಿಯಿತು. ಮಗಳು ನನ್ನ ಬೋರಿಂಗ್ ಕಾರು ಹತ್ತುತ್ತಾಳೆ. ಸ್ಟಾರ್ಟ್ ಮಾಡಿದೆ. ನಾಲ್ಕು ಮೀಟರ್ ಸರಿಸಿದೆ. ಕೀ ಮೇಲೆ ಕೈಯಿಟ್ಟೆ.

ಹಿಂದಿನ ಬಾಗಿಲು ತೆರೆಯಿತು. ಸೀರೆ ಎತ್ತಿ ಹಿಡಿದುಕೊಂಡು ಮಗಳು ಒಳಗೆ ಕೂತಳು.

"ಪಪ್ಪಾ, ಆರ್ ಯು ಡ್ರೈವಿಂಗ್ ಮಿ?"

ಆಸ್ಪತ್ರೆಯಿಂದ ಬಂದ ದಿನ ಅವಳು ಅಮ್ಮನ ಮಡಿಲಲ್ಲಿ ಮಲಗಿದ್ದೂ ಅದೇ ಸೀಟಿನಲ್ಲಿ. ಕೀಯಿಂದ ಕೈ ತೆಗೆದೆ. "ಹೌದು ಮಗಾ" ಎಂದೆ. ಕಿಟಕಿಯಿಂದ ನನ್ನ ಎಸ್‌ಯುವಿಯ ಕೀ ಇಮ್ತಿಯಾಜ್‌ಗೆ ಚಾಚಿದೆ. "ನೀನು ಅದರಲ್ಲಿ ಬಾ ಮಾರಾಯ."

ಹಾಲ್ ತಲುಪುವವರೆಗೂ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತಿದ್ದೆ: ಅವನಿಗೂ ಚೂರಾದರೂ ಉರಿಯುತ್ತಿದೆಯೋ ಇಲ್ಲವೋ?